ವೇಗದ ಜಾಲಕ್ಕೆ ಏಳೆಳೆಯ ತಂತಿ: ಟೆಂಡರ್ ಪತ್ರದಲ್ಲಿ ವಾಹಕದ ವಿವರವೂ ಇರಲಿ

ಮಾನ್ಯ ಸಂಪಾದಕರೆ,

ಕಚೇರಿಯಲ್ಲೋ ಕಾಲೇಜಿನ ಕಂಪ್ಯೂಟರ್ ಕೊಠಡಿಯಲ್ಲೋ ಇಂಟರ್‌ನೆಟ್ ತಡವರಿಸಿದರೆ ನಾವು ಮೊದಲು ದೂರುವುದು ಸೇವೆ ಕೊಡುವ ಕಂಪನಿಯನ್ನು, ಆಮೇಲೆ ರೂಟರನ್ನು. ಗೋಡೆಯ ಸಾಕೆಟ್ಟಿನಿಂದ ಕಂಪ್ಯೂಟರಿಗೆ, ಗೋಡೆಯ ಕೇಬಲ್‌ಗಳು ಬಂದು ಸೇರುವ ಪ್ಯಾಚ್ ಪ್ಯಾನೆಲ್ಲಿನಿಂದ ಜಾಲದ ಯಂತ್ರಗಳನ್ನು ಜೋಡಿಸುವ ಸ್ವಿಚ್ಚಿಗೆ ಹೋಗುವ ಒಂದೆರಡು ಮೀಟರಿನ ಮೆತ್ತನೆಯ ಕೇಬಲ್ಲಿನ ಮೇಲೆ ಯಾರ ಅನುಮಾನವೂ ಹೋಗುವುದಿಲ್ಲ. ನೆಟ್‌ವರ್ಕ್ ಕೇಬಲ್‌ಗಳ ವಿನ್ಯಾಸವನ್ನೇ ವೃತ್ತಿಯಾಗಿ ಮಾಡಿಕೊಂಡಿದ್ದ ನನಗೆ ಇದು ಬಹುಕಾಲದಿಂದ ಕೊರೆಯುತ್ತಿರುವ ವಿಷಯ. ನಾನು ನೋಡಿರುವ ಟೆಂಡರ್ ಪತ್ರಗಳಲ್ಲಿ ಈ ಕೇಬಲ್ ಬಗ್ಗೆ ಸಾಮಾನ್ಯವಾಗಿ ಇರುವುದು ಒಂದೇ ಸಾಲು: ಕ್ಯಾಟ್-6 ಪ್ಯಾಚ್ ಕಾರ್ಡ್, ಇಷ್ಟು ಉದ್ದ, ಇಷ್ಟು ಸಂಖ್ಯೆ. ಕ್ಯಾಟ್-6 ಎಂಬುದು ಕೇಬಲ್ಲಿನ ದರ್ಜೆ, ಪ್ಯಾಚ್ ಕಾರ್ಡ್ ಎಂದರೆ ಈ ಮೆತ್ತನೆಯ ಕೇಬಲ್ಲೇ. ಒಳಗೆ ಎಷ್ಟು ಎಳೆಗಳಿವೆ, ಪ್ರತಿ ಎಳೆಯ ದಪ್ಪವೆಷ್ಟು, ಅದು ಅಪ್ಪಟ ತಾಮ್ರವೇ ಎಂಬ ಪ್ರಶ್ನೆಗಳನ್ನು ಖರೀದಿಸುವವರು ಕೇಳುವುದಿಲ್ಲ, ಆದ್ದರಿಂದ ಮಾರುವವರು ಹೇಳುವುದೂ ಇಲ್ಲ. ಸಾರ್ವಜನಿಕ ಹಣದಲ್ಲಿ ಕೊಳ್ಳುವ ಪ್ರತಿ ಕೇಬಲ್ಲಿಗೂ ಈ ಪ್ರಶ್ನೆಗಳನ್ನು ಕೇಳಲೇಬೇಕು ಎಂಬುದು ನನ್ನ ವಾದ. ಅದಕ್ಕೆ ಕಾರಣಗಳನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಕಟ್ಟಡದೊಳಗಿನ ಜಾಲದಲ್ಲಿ ಎರಡು ಬಗೆಯ ತಾಮ್ರದ ಕೇಬಲ್‌ಗಳಿರುತ್ತವೆ. ಗೋಡೆಯೊಳಗೆ, ಮೇಲ್ಛಾವಣಿಯ ಮರೆಯಲ್ಲಿ ಶಾಶ್ವತವಾಗಿ ಹಾಸುವ ಕೇಬಲ್ಲಿನ ನಾಲ್ಕು ಜೋಡಿಗಳಲ್ಲಿ ಪ್ರತಿ ವಾಹಕವೂ ಒಂದೇ ಗಟ್ಟಿ ತಂತಿ. 24 ಗೇಜ್ ಆದರೆ ಅದರ ವ್ಯಾಸ 0.51 ಮಿ.ಮೀ., 23 ಗೇಜ್ ಆದರೆ 0.57 ಮಿ.ಮೀ. ಗೇಜ್ ಎಂದರೆ ತಂತಿಯ ದಪ್ಪದ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳು. ಇಲ್ಲಿ ಹೇಳುವುದು ಅಮೆರಿಕನ್ ವೈರ್ ಗೇಜ್. ಮೋಟಾರ್ ವೈಂಡಿಂಗ್ ಮಾಡುವವರು ಬಳಸುವ ಬ್ರಿಟಿಷ್ ಗೇಜಿನಲ್ಲಿ 24 ಎಂದರೆ 0.56 ಮಿ.ಮೀ. ಆಗುತ್ತದೆ, ಎರಡನ್ನೂ ಬೆರೆಸಬಾರದು. ಈ ಶಾಶ್ವತ ಭಾಗ 90 ಮೀಟರಿಗೆ ಮೀರುವಂತಿಲ್ಲ. ಅದರ ಎರಡೂ ತುದಿಗಳಲ್ಲಿ ಬರುವ, ದಿನವೂ ಬಾಗುವ, ಎಳೆದಾಡಲ್ಪಡುವ ಕೇಬಲ್‌ಗಳೇ ಪ್ಯಾಚ್ ಕಾರ್ಡ್‌ಗಳು. ಅವೆಲ್ಲ ಸೇರಿ ಸಾಮಾನ್ಯವಾಗಿ 10 ಮೀಟರ್, ಒಟ್ಟು ನೂರು ಮೀಟರ್. ಈ ಕಾರ್ಡ್‌ಗಳ ವಾಹಕ ಗಟ್ಟಿ ತಂತಿಯಲ್ಲ, ಹಲವು ಸಣ್ಣ ಎಳೆಗಳನ್ನು ಹೊಸೆದು ಮಾಡಿದ ಹುರಿ.

ಎಳೆಗಳೇಕೆ ಎಂಬುದಕ್ಕೆ ಸರಳವಾದ ಲೆಕ್ಕವಿದೆ. ತಂತಿಯನ್ನು ಬಾಗಿಸಿದಾಗ ಅದರ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಹಿಗ್ಗುವ ಪ್ರಮಾಣ ತಂತಿಯ ವ್ಯಾಸವನ್ನು ಬಾಗಿನ ತ್ರಿಜ್ಯದ ಎರಡರಷ್ಟರಿಂದ ಭಾಗಿಸಿದಷ್ಟು. 0.51 ಮಿ.ಮೀ. ತಂತಿಯನ್ನು 25 ಮಿ.ಮೀ. ತ್ರಿಜ್ಯದಲ್ಲಿ ಬಾಗಿಸಿದರೆ ಹೊರಮೈ ಶೇ 1ರಷ್ಟು ಹಿಗ್ಗುತ್ತದೆ. ಅದೇ ಬಾಗಿನಲ್ಲಿ 0.2 ಮಿ.ಮೀ. ಎಳೆ ಹಿಗ್ಗುವುದು ಶೇ 0.4ರಷ್ಟು ಮಾತ್ರ, ಎಳೆಗಳು ಒಂದರ ಮೇಲೊಂದು ಜಾರಲು ಅವಕಾಶವಿದ್ದರೆ. ಲೋಹದ ದಣಿವು ಈ ಹಿಗ್ಗುವಿಕೆಯೊಂದಿಗೆ ನೇರ ಪ್ರಮಾಣದಲ್ಲಿ ಏರುವುದಿಲ್ಲ, ಅದಕ್ಕಿಂತ ಬಹಳ ಬೇಗ ಏರುತ್ತದೆ. ಗೋಡೆಗೆ ಹಾಕಿ ಉಳಿದ ಗಟ್ಟಿ ತಂತಿಯ ಕೇಬಲ್ಲಿಗೇ ಸ್ಥಳದಲ್ಲೇ ಪ್ಲಗ್ ಕ್ರಿಂಪ್ ಮಾಡಿ ಮೇಜಿನ ಕೆಳಗೆ ಬಿಡುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದೆ. ಕುರ್ಚಿಯ ಕಾಲಿಗೆ ಸಿಕ್ಕು ಕೆಲವು ತಿಂಗಳಲ್ಲೇ ಅದು ಪ್ಲಗ್ಗಿನ ಬುಡದಲ್ಲಿ ಮುರಿಯುವುದಕ್ಕೆ ಕಾರಣ ಇದೇ. ಇದರ ತದ್ವಿರುದ್ಧ ತಪ್ಪೂ ನಡೆಯುತ್ತದೆ: ಎಳೆಗಳುಳ್ಳ ಕೇಬಲ್ಲನ್ನು ಗೋಡೆಯ ಸಾಕೆಟ್ಟಿನ ಸೀಳಿಗೆ ಒತ್ತಿ ಕೂರಿಸುತ್ತಾರೆ. ಹೊದಿಕೆಯನ್ನು ಸೀಳಿ ತಾಮ್ರವನ್ನು ಹಿಡಿಯುವ ಆ ಲೋಹದ ಸೀಳನ್ನು ಸಾಮಾನ್ಯವಾಗಿ ಗಟ್ಟಿ ತಂತಿಯ ವ್ಯಾಸಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ಅದು ಎಳೆಗಳನ್ನು ಅತ್ತಿತ್ತ ಸರಿಸುತ್ತದೆ, ಕೆಲವನ್ನು ಕತ್ತರಿಸುತ್ತದೆ, ಹಿಡಿತ ಕ್ರಮೇಣ ಸಡಿಲವಾಗುತ್ತದೆ.

ಇನ್ನು ಏಳೇ ಎಳೆಗಳೇಕೆ? ಒಂದೇ ಅಳತೆಯ ಏಳು ನಾಣ್ಯಗಳನ್ನು ಮೇಜಿನ ಮೇಲಿಟ್ಟು ನೋಡಿದರೆ ಉತ್ತರ ಸಿಗುತ್ತದೆ. ನಡುವೆ ಒಂದನ್ನಿಟ್ಟರೆ ಅದರ ಸುತ್ತ ಸರಿಯಾಗಿ ಆರು ಕೂರುತ್ತವೆ, ಸಂದಿಯೂ ಉಳಿಯದು, ಏಳನೆಯದಕ್ಕೆ ಜಾಗವೂ ಇರದು. ಮುಂದಿನ ಸುತ್ತಿಗೆ ಹನ್ನೆರಡು ಬೇಕು, ಆಗ ಒಟ್ಟು 19. ಅದರ ಮೇಲಿನ ಸುತ್ತಿಗೆ ಹದಿನೆಂಟು, ಆಗ 37. ಪ್ಯಾಚ್ ಕಾರ್ಡ್‌ಗಳಲ್ಲಿ ಸಾಮಾನ್ಯವಾಗಿ ಬರುವುದು ಏಳೆಳೆಯ ವಾಹಕ. 24 ಗೇಜಿನದ್ದಾದರೆ 0.2 ಮಿ.ಮೀ.ನ ಏಳು ಎಳೆಗಳು, 26 ಗೇಜಿನದ್ದಾದರೆ 0.16 ಮಿ.ಮೀ.ನ ಏಳು. ಹೊರಗಿನ ವ್ಯಾಸ ಒಂದು ಎಳೆಯ ಮೂರರಷ್ಟು, ಅಂದರೆ ಕ್ರಮವಾಗಿ 0.6 ಮತ್ತು 0.48 ಮಿ.ಮೀ. ಆ ವೃತ್ತದ ಒಂಬತ್ತು ಪಾಲಿನಲ್ಲಿ ಏಳು ಪಾಲು ಮಾತ್ರ ತಾಮ್ರ, ಎರಡು ಪಾಲು ಗಾಳಿ. ಮುಂದಿನ ಎಲ್ಲ ತೊಡಕುಗಳೂ ಈ ಎರಡು ಪಾಲು ಗಾಳಿಯಿಂದ ಮತ್ತು ಉಬ್ಬುತಗ್ಗಿನ ಹೊರಮೈಯಿಂದ ಹುಟ್ಟುತ್ತವೆ.

ಸಂಕೇತದ ಆವೃತ್ತಿ (ಫ್ರೀಕ್ವೆನ್ಸಿ) ಹೆಚ್ಚಾದಂತೆ ವಿದ್ಯುತ್ತು ತಂತಿಯ ಒಡಲನ್ನು ಬಿಟ್ಟು ಹೊರಮೈಗೆ ಸರಿಯುತ್ತದೆ ಎಂಬುದನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸ್ಕಿನ್ ಎಫೆಕ್ಟ್ ಎಂಬ ಹೆಸರಿನಲ್ಲಿ ಓದಿರುತ್ತಾರೆ. ತಾಮ್ರದಲ್ಲಿ ಈ ಹೊರಪದರದ ಆಳ 1 ಮೆಗಾಹರ್ಟ್ಸ್‌ನಲ್ಲಿ 66 ಮೈಕ್ರಾನ್. ಕ್ಯಾಟ್-5ಇ ಕೇಬಲ್ಲಿನ ಮಿತಿಯಾದ 100 ಮೆಗಾಹರ್ಟ್ಸ್‌ನಲ್ಲಿ 6.6 ಮೈಕ್ರಾನ್, ಕ್ಯಾಟ್-6ರ 250 ಮೆಗಾಹರ್ಟ್ಸ್‌ನಲ್ಲಿ ನಾಲ್ಕು ಮೈಕ್ರಾನಿಗೆ ಸ್ವಲ್ಪ ಹೆಚ್ಚು, ಕ್ಯಾಟ್-6ಎಯ 500 ಮೆಗಾಹರ್ಟ್ಸ್‌ನಲ್ಲಿ ಮೂರು ಮೈಕ್ರಾನಿಗೂ ಕಡಿಮೆ. 0.2 ಮಿ.ಮೀ. ಎಂದರೆ 200 ಮೈಕ್ರಾನ್. ಹಾಗಾಗಿ ಏಳೆಳೆಯ ವಾಹಕದಲ್ಲಿ ಆರು ಹೊರ ಎಳೆಗಳ ಮರೆಯಲ್ಲಿರುವ ನಡುವಿನ ಎಳೆ ವೇಗದ ಸಂಕೇತವನ್ನು ಸಾಗಿಸುವುದು ಇಲ್ಲವೆಂಬಷ್ಟು ಕಡಿಮೆ. ಹೊರಗಿನ ಆರರಲ್ಲೂ ಹೊರಕ್ಕೆ ಮುಖಮಾಡಿದ ಉಬ್ಬಿನಲ್ಲೇ ವಿದ್ಯುತ್ತು ದಟ್ಟೈಸುತ್ತದೆ. ಗಟ್ಟಿ ತಂತಿಯ ನುಣುಪಾದ ಮೈಯಲ್ಲಿ ಸಮನಾಗಿ ಹರಡಿಕೊಳ್ಳಬಹುದಾಗಿದ್ದ ಪ್ರವಾಹ ಇಲ್ಲಿ ಆರು ಕಿರಿದಾದ ಪಟ್ಟಿಗಳಲ್ಲಿ ಸಾಗಬೇಕು. ಆ ಪಟ್ಟಿಗಳೂ ಸುರುಳಿಯಾಗಿ ಸುತ್ತುತ್ತಿರುತ್ತವೆ. ಎಳೆಯಿಂದ ಎಳೆಗೆ ದಾಟುವ ಜಾಗದಲ್ಲಿ ಆಕ್ಸೈಡಿನ ತೆಳು ಪೊರೆಯಿರುತ್ತದೆ, ಬಾಗಿಸಿದಾಗ ಅಲ್ಲಿನ ಸಂಪರ್ಕ ಬದಲಾಗುತ್ತದೆ.

ಆದ್ದರಿಂದಲೇ ಮಾನದಂಡಗಳು 24 ಗೇಜಿನ ಎಳೆವಾಹಕಕ್ಕೆ ಗಟ್ಟಿ ತಂತಿಗಿಂತ ಶೇ 20ರಷ್ಟು, 26 ಗೇಜಿನದ್ದಕ್ಕೆ ಶೇ 50ರಷ್ಟು ಹೆಚ್ಚಿನ ಸಂಕೇತ ನಷ್ಟಕ್ಕೆ ಅವಕಾಶ ಕೊಟ್ಟಿವೆ. ಕಾರ್ಡ್‌ಗಳ ಒಟ್ಟು ಉದ್ದವನ್ನು ಲೆಕ್ಕ ಹಾಕುವ ಸೂತ್ರದಲ್ಲಿ 102ರಿಂದ ಗೋಡೆಯೊಳಗಿನ ಉದ್ದವನ್ನು ಕಳೆದು, ಉಳಿದದ್ದನ್ನು ಈ ಹೆಚ್ಚುವರಿ ನಷ್ಟ ಸೇರಿದ ಸಂಖ್ಯೆಯಿಂದ ಭಾಗಿಸಬೇಕು. ಗೋಡೆಯೊಳಗೆ 90 ಮೀಟರ್ ಇದ್ದರೆ ಉಳಿಯುವುದು 12, ಅದನ್ನು 1.2ರಿಂದ ಭಾಗಿಸಿದರೆ 10 ಮೀಟರ್, 1.5ರಿಂದ ಭಾಗಿಸಿದರೆ 8 ಮೀಟರ್. ಹತ್ತು ಮೀಟರ್ ಎಂದು ಬಾಯಿಪಾಠ ಮಾಡಿಕೊಂಡಿರುವ ಸಂಖ್ಯೆ 24 ಗೇಜಿಗೆ ಮಾತ್ರ ಸರಿ ಎಂಬುದು ಕೇಬಲ್ ಹಾಸುವವರಲ್ಲೂ ಎಷ್ಟೋ ಜನರಿಗೆ ತಿಳಿದಿಲ್ಲ.

ಈ ಶೇ 20ರಲ್ಲಿ ವಿನ್ಯಾಸಕಾರ ಎಷ್ಟನ್ನು ಉಳಿಸಿಕೊಳ್ಳಬಲ್ಲ ಎಂಬುದೇ ನಮ್ಮ ಕಸುಬಿನ ಸ್ವಾರಸ್ಯ. ಸುರುಳಿಯಿಂದಾಗಿ ಎಳೆಗಳ ಉದ್ದ ಹೆಚ್ಚಾಗುವುದೇ ನಷ್ಟಕ್ಕೆ ಕಾರಣವೆಂದು ಹಲವರು ಭಾವಿಸುತ್ತಾರೆ. ಲೆಕ್ಕ ಹಾಗೆ ಹೇಳುವುದಿಲ್ಲ. ಒಂದು ಎಳೆ ಪೂರ್ತಿ ಒಂದು ಸುತ್ತು ಬರುವ ದೂರಕ್ಕೆ ಕಾರ್ಖಾನೆಯಲ್ಲಿ ಲೇ ಲೆಂಗ್ತ್ ಎನ್ನುತ್ತೇವೆ, 0.6 ಮಿ.ಮೀ. ವಾಹಕಕ್ಕೆ ಅದನ್ನು 6 ಮಿ.ಮೀ. ಇಟ್ಟರೂ ಎಳೆಯ ಉದ್ದ ಹೆಚ್ಚುವುದು ಸುಮಾರು ಶೇ 2ರಷ್ಟು ಮಾತ್ರ. ಮಿಕ್ಕ ನಷ್ಟವೆಲ್ಲ ಹೊರಮೈಯ ಆಕಾರದಿಂದ, ಎಳೆಗಳ ನಡುವಣ ಸಂಪರ್ಕದಿಂದ ಬರುವಂಥದ್ದು. ಲೇ ಲೆಂಗ್ತ್ ಹೆಚ್ಚಿಸಿದರೆ ಯಂತ್ರ ಬೇಗ ಓಡುತ್ತದೆ, ಉತ್ಪಾದನಾ ವೆಚ್ಚ ಇಳಿಯುತ್ತದೆ, ಆದರೆ ಎಳೆಗಳು ಸಡಿಲವಾಗಿ ಬಾಗಿದಾಗ ಪಂಜರದಂತೆ ಬಾಯಿಬಿಡುತ್ತವೆ. ಅಂಥ ಒಂದೇ ಒಂದು ಎಳೆ ಹೊದಿಕೆಯ ಕಡೆಗೆ ಚಾಚಿಕೊಂಡರೆ ಸಾಕು, 0.2 ಮಿ.ಮೀ. ದಪ್ಪದ ಹೊದಿಕೆ ಆ ಜಾಗದಲ್ಲಿ ಅರ್ಧಕ್ಕಿಳಿಯುತ್ತದೆ. ಹೊದಿಕೆ ಎರಕವಾಗುವ ಸಾಲಿನಲ್ಲೇ ಹೆಚ್ಚಿನ ವೋಲ್ಟೇಜ್ ಕೊಟ್ಟು ನೋಡುವ ಸ್ಪಾರ್ಕ್ ಪರೀಕ್ಷೆ ತೀರಾ ಬಯಲಾದ ಜಾಗವನ್ನು ಹಿಡಿಯುತ್ತದೆಯೇ ಹೊರತು ತೆಳುವಾದ ಜಾಗವನ್ನೆಲ್ಲ ಹಿಡಿಯುವುದಿಲ್ಲ. ಹೊಸೆತದ ವಿಷಯದಲ್ಲಿ ಉಳಿತಾಯ ಮಾಡುವ ತಯಾರಕನ ಕೇಬಲ್ ಹೊರನೋಟಕ್ಕೆ ಉತ್ತಮ ಕೇಬಲ್ಲಿನಂತೆಯೇ ಕಾಣುತ್ತದೆ.

ಹೊಸೆತದ ದಿಕ್ಕಿನ ವಿಷಯ ಇನ್ನೂ ಸೂಕ್ಷ್ಮ. ಎಳೆಗಳನ್ನು ಹೊಸೆದು ಹೊದಿಕೆ ಹಾಕಿದ ಮೇಲೆ ಎರಡು ವಾಹಕಗಳನ್ನು ಸೇರಿಸಿ ಜೋಡಿಯಾಗಿ ತಿರುಚುತ್ತೇವೆ. ಹಾಗೆ ತಿರುಚುವ ಉಪಾಯಕ್ಕೆ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಪೇಟೆಂಟ್ ಪಡೆದಿದ್ದ. ಜೋಡಿ ತಿರುಚುವ ಯಂತ್ರದಲ್ಲಿ ಪ್ರತಿ ವಾಹಕವೂ ತನ್ನ ಅಕ್ಷದ ಸುತ್ತ ತಾನೂ ತಿರುಗುತ್ತದೆ, ಆ ತಿರುವನ್ನು ಹಿಂದಕ್ಕೆ ತೆಗೆಯುವ ವ್ಯವಸ್ಥೆ ಇಲ್ಲದಿದ್ದರೆ. ಎಳೆಗಳ ಲೇ 8 ಮಿ.ಮೀ. ಎಂದಿಟ್ಟುಕೊಳ್ಳೋಣ, ಅಂದರೆ ಮೀಟರಿಗೆ 125 ಸುತ್ತು. ಜೋಡಿಯ ಲೇ 12 ಮಿ.ಮೀ. ಆದರೆ ಮೀಟರಿಗೆ 83 ಸುತ್ತು. ಎರಡೂ ಒಂದೇ ದಿಕ್ಕಿನಲ್ಲಿದ್ದರೆ ಎಳೆಗಳ ಹೊಸೆತ ಇನ್ನಷ್ಟು ಬಿಗಿಯಾಗುತ್ತದೆ. ವಿರುದ್ಧ ದಿಕ್ಕಿನಲ್ಲಿದ್ದರೆ 125ರಲ್ಲಿ 83 ಕಳೆದು 42 ಸುತ್ತು ಮಾತ್ರ ಉಳಿಯುತ್ತದೆ, ಅಂದರೆ ಹೊಸೆತದ ಮೂರನೇ ಎರಡು ಪಾಲು ಬಿಚ್ಚಿಹೋಗುತ್ತದೆ. ನಾಲ್ಕು ಜೋಡಿಗಳ ಲೇ ಬೇರೆ ಬೇರೆಯಾಗಿರಲೇಬೇಕಾದುದರಿಂದ, ಇಲ್ಲವಾದರೆ ಒಂದರ ಸಂಕೇತ ಇನ್ನೊಂದಕ್ಕೆ ನುಸುಳುವುದರಿಂದ, ಹೀಗೆ ಬಿಚ್ಚಿಕೊಳ್ಳುವ ಪ್ರಮಾಣವೂ ಜೋಡಿಯಿಂದ ಜೋಡಿಗೆ ಬೇರೆಯಾಗುತ್ತದೆ. ಹೊಸೆಯುವ ಯಂತ್ರ ಒಂದು ಶೆಡ್ಡಿನಲ್ಲಿ, ಜೋಡಿ ತಿರುಚುವ ಯಂತ್ರ ಇನ್ನೊಂದು ಶೆಡ್ಡಿನಲ್ಲಿ ಇರುವ ಕಡೆ ಈ ಎರಡು ದಿಕ್ಕುಗಳನ್ನು ತಾಳೆ ನೋಡುವ ಜವಾಬ್ದಾರಿ ಯಾರದ್ದೆಂದು ಬರೆದಿಡದಿದ್ದರೆ ಮಾಲು ಕೆಡುವುದು ಖಚಿತ.

ಇಂಪೀಡೆನ್ಸ್, ಅಂದರೆ ಸಾಗುವ ಸಂಕೇತಕ್ಕೆ ಜೋಡಿ ಒಡ್ಡುವ ತಡೆ ಎಂಬ ಇನ್ನೊಂದು ಅಳತೆಯನ್ನೂ ಹೇಳಬೇಕು. ತಂತಿಯ ಮೂಲಕ ಕಂಪ್ಯೂಟರುಗಳನ್ನು ಜೋಡಿಸುವ ಈಥರ್‌ನೆಟ್ ಜಾಲದ ಜೋಡಿಯಲ್ಲಿ ಅದು 100 ಓಮ್ ಇರಬೇಕು. ಗೋಡೆಯ ಕೇಬಲ್ ಮತ್ತು ಕಾರ್ಡ್ ಕೂಡುವಲ್ಲಿ ಅದು ಬದಲಾದರೆ ಸಂಕೇತದ ಒಂದು ಪಾಲು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಎರಡು ವಾಹಕಗಳ ನಡುವಣ ದೂರಕ್ಕೂ ವಾಹಕದ ವ್ಯಾಸಕ್ಕೂ ಇರುವ ಅನುಪಾತ ಮತ್ತು ಹೊದಿಕೆಯ ವಸ್ತು ಇದನ್ನು ನಿರ್ಧರಿಸುತ್ತವೆ. ಉಬ್ಬುತಗ್ಗಿನ ಏಳೆಳೆ ವಾಹಕವನ್ನು ಈ ಲೆಕ್ಕಕ್ಕೆ ಅದರ ಹೊರವ್ಯಾಸದ 0.939ರಷ್ಟಿರುವ ನುಣುಪು ತಂತಿಯೆಂದು ಭಾವಿಸುತ್ತೇವೆ. ಹತ್ತೊಂಬತ್ತೆಳೆಯದ್ದಾದರೆ ಈ ಸಂಖ್ಯೆ 0.97. ಹೀಗೆ 24 ಗೇಜಿನ ಏಳೆಳೆ ವಾಹಕ ಗಟ್ಟಿ ತಂತಿಗಿಂತ ಸುಮಾರು ಶೇ 10ರಷ್ಟು ದಪ್ಪವಿದ್ದಂತೆ ವರ್ತಿಸುತ್ತದೆ. 100 ಓಮ್ ಉಳಿಸಿಕೊಳ್ಳಬೇಕಾದರೆ ಹೊದಿಕೆಯ ವ್ಯಾಸವೂ ಅಷ್ಟೇ ಹೆಚ್ಚಬೇಕು. ಆಗ ಆರ್‌ಜೆ-45 ಪ್ಲಗ್ ಅಡ್ಡ ಬರುತ್ತದೆ: ಅದರ ಎಂಟು ಸಂಪರ್ಕ ಅಲಗುಗಳ ನಡುವಣ ಅಂತರ 1.02 ಮಿ.ಮೀ. ಮಾತ್ರ. ಹೊದಿಕೆ ಸೇರಿದ ವಾಹಕ ಒಂದು ಮಿಲಿಮೀಟರಿಗಿಂತ ದಪ್ಪವಾದರೆ ಎಂಟನ್ನೂ ಒಂದೇ ಸಾಲಿನಲ್ಲಿ ಕೂರಿಸಲಾಗದು, ಒಂದು ಮೇಲೆ ಒಂದು ಕೆಳಗೆ ಎಂದು ಎರಡು ಸಾಲು ಮಾಡಬೇಕಾಗುತ್ತದೆ. ಹೊದಿಕೆಯನ್ನು ತೆಳುವಾಗಿಸಿ ಪ್ಲಗ್ಗಿಗೆ ಹೊಂದಿಸಿದವನು ಇಂಪೀಡೆನ್ಸನ್ನು ಬಿಟ್ಟುಕೊಡುತ್ತಾನೆ. 26 ಗೇಜಿಗೆ ಇಳಿದವನು ನಷ್ಟವನ್ನು ಒಪ್ಪಿಕೊಳ್ಳುತ್ತಾನೆ. ಎರಡನೆಯದು ಪ್ರಾಮಾಣಿಕವಾದ ದಾರಿ, ಅದನ್ನು ಕೇಬಲ್ಲಿನ ಮೇಲೆ ಮುದ್ರಿಸಿದರೆ.

ತಯಾರಿಕೆಯಲ್ಲಿ ಎಂಥ ಸಣ್ಣ ದೋಷವೂ ಎಷ್ಟು ದೂರ ಬರುತ್ತದೆ ಎಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ವಾಹಕ ಹಾದುಹೋಗುವ ರಾಟೆಯೊಂದು ತುಸು ವಕ್ರವಾಗಿದ್ದು, ಪ್ರತಿ ಸುತ್ತಿಗೊಮ್ಮೆ ಮೆತ್ತನೆಯ ಹುರಿಯನ್ನು ಕಣ್ಣಿಗೆ ಕಾಣದಷ್ಟು ಅದುಮುತ್ತದೆ ಎಂದುಕೊಳ್ಳಿ. ಕೇಬಲ್ಲಿನಲ್ಲಿ ಸಂಕೇತ ಬೆಳಕಿನ ವೇಗದ ಶೇ 69ರಷ್ಟು ವೇಗದಲ್ಲಿ ಸಾಗಿದರೆ 500 ಮೆಗಾಹರ್ಟ್ಸ್‌ನ ಅರ್ಧ ತರಂಗದೂರ ಸುಮಾರು 20.7 ಸೆಂ.ಮೀ. ಸುತ್ತಳತೆ ಅಷ್ಟೇ ಇರುವ, ಅಂದರೆ ವ್ಯಾಸ ಆರೂವರೆ ಸೆಂ.ಮೀ. ಆಸುಪಾಸಿನಲ್ಲಿರುವ ರಾಟೆಯಾದರೆ, ನೂರು ಮೀಟರಿನಲ್ಲಿ ಬೀಳುವ 480ಕ್ಕೂ ಹೆಚ್ಚು ಅದುಮುಗಳಿಂದ ಬರುವ ಪುಟ್ಟ ಪ್ರತಿಫಲನಗಳೆಲ್ಲ ಒಂದೇ ತಾಳಕ್ಕೆ ಕೂಡಿಕೊಂಡು, ಪರೀಕ್ಷೆಯ ಗ್ರಾಫಿನಲ್ಲಿ 500 ಮೆಗಾಹರ್ಟ್ಸ್ ಬಳಿ ಸೂಜಿಯಂಥ ಶಿಖರವಾಗಿ ಏಳುತ್ತವೆ. ಅದರ ಎರಡರಷ್ಟು ವ್ಯಾಸದ ರಾಟೆ ಕ್ಯಾಟ್-6ರ ತುದಿಯಾದ 250 ಮೆಗಾಹರ್ಟ್ಸ್‌ನಲ್ಲಿ ಇದೇ ಉಪದ್ರವ ಕೊಡುತ್ತದೆ. ಗ್ರಾಫಿನ ಶಿಖರ ನೋಡಿ ರಾಟೆಯ ವ್ಯಾಸವನ್ನು ಹೇಳುವ ಈ ವಿದ್ಯೆ ಎಳೆವಾಹಕದಲ್ಲಿ ವಿಶೇಷವಾಗಿ ಬೇಕಾಗುತ್ತದೆ, ಏಕೆಂದರೆ ಗಟ್ಟಿ ತಂತಿಗಿಂತ ಹುರಿ ಬೇಗ ಅದುಮಿಕೊಳ್ಳುತ್ತದೆ. ಐದು ಮೀಟರಿನ ಕಾರ್ಡಿನಲ್ಲಿ ಇಂಥ ಅದುಮುಗಳು ಇಪ್ಪತ್ನಾಲ್ಕೋ ಇಪ್ಪತ್ತೈದೋ ಇರುತ್ತವೆ. ಅಲ್ಲಿ ಪ್ಲಗ್ಗುಗಳ ಗುಣಮಟ್ಟವೇ ಹೆಚ್ಚು ಮುಖ್ಯ ಎಂಬುದನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ.

ತಾಮ್ರಕ್ಕೆ ಕಲಾಯಿ ಹಾಕಿಸಿದರೆ ಒಳ್ಳೆಯದೆಂಬ ನಂಬಿಕೆ ಅಡುಗೆಮನೆಯ ಪಾತ್ರೆಗೆ ಸರಿ, ತೇವದ ಜಾಗದಲ್ಲಿ ಬೆಸುಗೆ ಹಾಕುವ ತಂತಿಗೂ ಸರಿ. ವೇಗದ ಸಂಕೇತಕ್ಕೆ ಅಲ್ಲ. ತವರದ ರೋಧಕತೆ ತಾಮ್ರದ ಆರು ಪಟ್ಟಿಗೂ ಹೆಚ್ಚು. ವಿದ್ಯುತ್ತೆಲ್ಲ ಹೊರಗಿನ ಮೂರು ಮೈಕ್ರಾನಿನಲ್ಲೇ ಸಾಗಬೇಕಾದಾಗ ಆ ಪದರದ ಒಂದು ಪಾಲನ್ನು ತವರಕ್ಕೆ ಬಿಟ್ಟುಕೊಟ್ಟರೆ ನಷ್ಟ ಏರುತ್ತದೆ. ಆದ್ದರಿಂದ ಸಾಮಾನ್ಯ ಕಟ್ಟಡಗಳ ಕಾರ್ಡ್‌ಗಳಿಗೆ ಕಲಾಯಿ ಇಲ್ಲದ, ಕಾಯಿಸಿ ಮೆದುವಾಗಿಸಿದ ತಾಮ್ರವೇ ಉತ್ತಮ.

ಈಗ ನನ್ನನ್ನು ಹೆಚ್ಚು ಚಿಂತೆಗೀಡು ಮಾಡಿರುವ ವಿಷಯಕ್ಕೆ ಬರುತ್ತೇನೆ. ತಾಮ್ರ ಲೇಪಿತ ಅಲ್ಯೂಮಿನಿಯಂ ತಂತಿಯ ಕಾರ್ಡ್‌ಗಳು ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುತ್ತವೆ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಕ್ಯಾಟ್-6 ಎಂದಿರುತ್ತದೆ, ಲೋಹದ ವಿವರ ಎಲ್ಲೋ ಸಣ್ಣಕ್ಷರದಲ್ಲಿ ಇರುತ್ತದೆ ಅಥವಾ ಇರುವುದೇ ಇಲ್ಲ. ಅಮೆರಿಕದ ಟಿಐಎ-568 ಮಾನದಂಡವಾಗಲಿ, ಅಂತರರಾಷ್ಟ್ರೀಯ ಐಎಸ್‌ಒ/ಐಇಸಿ 11801 ಆಗಲಿ ಇದನ್ನು ಒಪ್ಪುವುದಿಲ್ಲ. ಇದನ್ನು ಸಮರ್ಥಿಸುವವರು ಸ್ಕಿನ್ ಎಫೆಕ್ಟನ್ನೇ ಮುಂದಿಡುತ್ತಾರೆ: ವಿದ್ಯುತ್ತು ಹೇಗೂ ಹೊರಮೈಯಲ್ಲೇ ಹರಿಯುವುದಾದರೆ ಒಳಗೆ ಅಲ್ಯೂಮಿನಿಯಂ ಇದ್ದರೇನು ಎಂದು. ಗಟ್ಟಿ ತಂತಿಯ ಮಟ್ಟಿಗೆ ಈ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಅಡ್ಡಕೊಯ್ತದ ಶೇ 10ರಷ್ಟು ತಾಮ್ರವಿರುವ 0.51 ಮಿ.ಮೀ. ತಂತಿಯಲ್ಲಿ ತಾಮ್ರದ ಪದರ ಸುಮಾರು 13 ಮೈಕ್ರಾನ್, ಅಂದರೆ 100 ಮೆಗಾಹರ್ಟ್ಸ್‌ನಲ್ಲಿ ಬೇಕಾಗುವ 6.6 ಮೈಕ್ರಾನಿನ ಎರಡರಷ್ಟು. ಆದರೆ ಅದೇ ಅನುಪಾತದ ಲೇಪವನ್ನು 0.16 ಮಿ.ಮೀ. ಎಳೆಗೆ ಕೊಟ್ಟು ನೋಡಿ: ತಾಮ್ರದ ದಪ್ಪ ನಾಲ್ಕು ಮೈಕ್ರಾನಿಗಿಳಿಯುತ್ತದೆ. 100 ಮೆಗಾಹರ್ಟ್ಸ್‌ನಲ್ಲೇ ವಿದ್ಯುತ್ತು ಆ ಪೊರೆಯನ್ನು ದಾಟಿ ಅಲ್ಯೂಮಿನಿಯಂಗೆ ಇಳಿಯುತ್ತದೆ, ಕಡಿಮೆ ಆವೃತ್ತಿಗಳಲ್ಲಿ ಮತ್ತಷ್ಟು ಆಳಕ್ಕೆ ಇಳಿಯುತ್ತದೆ. ಎಳೆ ಸಣ್ಣದಾದಷ್ಟೂ ಈ ಸಮರ್ಥನೆಯ ಬಲ ಕುಂದುತ್ತದೆ. ಪ್ಯಾಚ್ ಕಾರ್ಡಿನಲ್ಲಿ ಅದು ನಿಲ್ಲುವುದೇ ಇಲ್ಲ.

ಅದೇ ತಂತಿಯಲ್ಲಿ ವಿದ್ಯುತ್ ಶಕ್ತಿಯನ್ನೂ ಕಳುಹಿಸಿದಾಗ ಪರಿಸ್ಥಿತಿ ಮತ್ತೂ ಬಿಗಡಾಯಿಸುತ್ತದೆ. ಸಿಸಿಟಿವಿ ಕ್ಯಾಮೆರಾ, ವೈ-ಫೈ ಪೆಟ್ಟಿಗೆ, ಮೇಜಿನ ಫೋನ್ ಇವುಗಳಿಗೆಲ್ಲ ಇಂದು ಬೇರೆ ವಿದ್ಯುತ್ ತಂತಿ ಎಳೆಯದೆ ನೆಟ್‌ವರ್ಕ್ ಕೇಬಲ್ಲಿನಲ್ಲೇ ಶಕ್ತಿ ಒದಗಿಸುತ್ತಾರೆ. 2003ರ ಮಾನದಂಡದಲ್ಲಿ ಅದು 15.4 ವಾಟ್ ಇತ್ತು, 2009ರಲ್ಲಿ 30 ವಾಟ್ ಆಯಿತು, 2018ರಲ್ಲಿ 90 ವಾಟಿಗೆ ಏರಿತು. 90 ವಾಟಿನಲ್ಲಿ ಎಂಟು ವಾಹಕಗಳ ಪ್ರತಿಯೊಂದರಲ್ಲೂ ಅರ್ಧ ಆಂಪಿಯರಿಗೆ ಸಮೀಪದ ನೇರ ವಿದ್ಯುತ್ತು ಹರಿಯುತ್ತದೆ. ನೇರ ವಿದ್ಯುತ್ತಿಗೆ ಹೊರಮೈ ಒಳಮೈ ಎಂಬ ಭೇದವಿಲ್ಲ, ತಂತಿಯ ಇಡೀ ಅಡ್ಡಕೊಯ್ತ ಕೆಲಸಕ್ಕೆ ಬರುತ್ತದೆ. ವೇಗದ ಸಂಕೇತಕ್ಕೆ ಬೇಡವಾಗಿದ್ದ ನಡುವಿನ ಎಳೆಯೂ ಇಲ್ಲಿ ತನ್ನ ಪಾಲು ಹೊರುತ್ತದೆ. ತಾಮ್ರ ಲೇಪಿತ ಅಲ್ಯೂಮಿನಿಯಂನ ರೋಧ ತಾಮ್ರದ ಸುಮಾರು ಒಂದೂವರೆ ಪಟ್ಟು, ಹುಟ್ಟುವ ಬಿಸಿಯೂ ಅಷ್ಟೇ ಪಟ್ಟು. ಸಾಲದ್ದಕ್ಕೆ ಪ್ಲಗ್ಗಿನ ಅಲಗಿನ ಒತ್ತಡಕ್ಕೆ ಅಲ್ಯೂಮಿನಿಯಂ ನಿಧಾನವಾಗಿ ಸರಿದು ಹಿಡಿತ ಸಡಿಲಿಸುತ್ತದೆ, ಗಾಳಿಗೆ ತೆರೆದುಕೊಂಡ ಜಾಗದಲ್ಲಿ ಆಕ್ಸೈಡು ಕಟ್ಟುತ್ತದೆ. ಒಂದು ಜೋಡಿಯ ಎರಡು ವಾಹಕಗಳ ರೋಧ ಹೀಗೆ ಏರುಪೇರಾದರೆ ನೇರ ವಿದ್ಯುತ್ತು ಸಮನಾಗಿ ಹಂಚಿಕೆಯಾಗದೆ ಸ್ವಿಚ್ಚಿನೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರಿನ ತಿರುಳನ್ನು ಕಾಂತೀಯವಾಗಿ ತುಂಬಿಸಿಬಿಡುತ್ತದೆ. ಆಗ ಕ್ಯಾಮೆರಾಗೆ ಶಕ್ತಿ ಸಿಗುತ್ತಿರುತ್ತದೆ, ಚಿತ್ರ ಮಾತ್ರ ನಡುನಡುವೆ ಕಡಿಯುತ್ತಿರುತ್ತದೆ. ದುರಸ್ತಿಗೆ ಬಂದವರು ಕ್ಯಾಮೆರಾ ಬದಲಿಸಿ ಹೋಗುತ್ತಾರೆ.

ಸ್ವಿಚ್ಚುಗಳನ್ನು ಜೋಡಿಸಿಡುವ ಚೌಕಟ್ಟಾದ ರ‍್ಯಾಕಿನಲ್ಲಿ ಗಾಳಿಯಾಡಲಿ ಎಂದು ಈಚೆಗೆ ಜನಪ್ರಿಯವಾಗಿರುವ 28 ಗೇಜಿನ ತೆಳು ಕಾರ್ಡ್‌ಗಳ ಬಗ್ಗೆಯೂ ಒಂದು ಮಾತು. ಅವು ಕೆಟ್ಟವಲ್ಲ. 0.127 ಮಿ.ಮೀ.ನ ಏಳು ತಾಮ್ರದ ಎಳೆಗಳ ಅಂಥ ವಾಹಕದ ರೋಧ 24 ಗೇಜಿನ ಏಳೆಳೆಯದ್ದಕ್ಕಿಂತ ಎರಡೂವರೆ ಪಟ್ಟು, ಒಂದೇ ಪ್ರವಾಹಕ್ಕೆ ಬಿಸಿಯೂ ಅಷ್ಟೇ ಪಟ್ಟು. ಗೋಡೆಯೊಳಗೆ 90 ಮೀಟರ್ ಇದ್ದಾಗ ಅವುಗಳ ಒಟ್ಟು ಉದ್ದ ಆರು ಮೀಟರಿನ ಆಸುಪಾಸಿನಲ್ಲಿ ನಿಲ್ಲಬೇಕು. ಒಂದು ಮೀಟರಿನ ಕಾರ್ಡ್‌ಗಳಾಗಿ, ದೊಡ್ಡ ಕಟ್ಟುಗಳಾಗಿ ಬಿಗಿಯದೆ, ಲೆಕ್ಕ ಇಟ್ಟುಕೊಂಡು ಬಳಸಿದರೆ ತೊಂದರೆಯಿಲ್ಲ.

ಕಾರ್ಖಾನೆಯ ಯಂತ್ರಗಳಲ್ಲಿ, ವಾಹನಗಳಲ್ಲಿ ಲೆಕ್ಕ ಬೇರೆಯಾಗುತ್ತದೆ. ಪೀಣ್ಯದಂಥ ಕೈಗಾರಿಕಾ ಪ್ರದೇಶದ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರವೊಂದರಲ್ಲಿ ಕೇಬಲ್ ಹೊರುವ ಸರಪಳಿಯೊಳಗೆ ಹಗಲಿರುಳು ಹಿಂದೆ ಮುಂದೆ ಓಡುವ ಈಥರ್‌ನೆಟ್ ಕೇಬಲ್ಲಿಗೆ ಏಳೆಳೆ ಸಾಲದೆ ಹತ್ತೊಂಬತ್ತು ಬೇಕಾಗುತ್ತದೆ. ಕಾರುಗಳಲ್ಲಿ ಒಂದೇ ಜೋಡಿಯ ಈಥರ್‌ನೆಟ್ ಬಂದಿದೆ, 15 ಮೀಟರಿನವರೆಗೆ ಸೆಕೆಂಡಿಗೆ ಗಿಗಾಬಿಟ್ ಸಾಗಿಸುವ ಮಾನದಂಡ 2016ರಲ್ಲಿ ಪ್ರಕಟವಾಗಿದೆ. ಅಲ್ಲಿ ವಾಹಕ ಬಹಳ ತೆಳುವಾಗಿರುವುದರಿಂದ ಎಳೆತ ತಡೆಯಲು ತಾಮ್ರದ ಮಿಶ್ರಲೋಹವನ್ನು ಬಳಸುವುದುಂಟು. ಈ ಕ್ಷೇತ್ರಗಳಲ್ಲಿ ಕೊಳ್ಳುವವರು ವಾಹಕದ ವಿವರವನ್ನು ಕೇಳಿಯೇ ಕೊಳ್ಳುತ್ತಾರೆ. ಕೇಳದಿರುವುದು ನಮ್ಮ ಕಚೇರಿಗಳು, ಶಾಲೆಗಳು, ಆಸ್ಪತ್ರೆಗಳು.

ಕೇಬಲ್ ಕಾಮಗಾರಿ ಮುಗಿದಾಗ ಗುತ್ತಿಗೆದಾರರು ಪರೀಕ್ಷಾ ವರದಿ ಕೊಡುತ್ತಾರಲ್ಲ ಎಂದು ಕೇಳಬಹುದು. ಆ ವರದಿ ಸಾಮಾನ್ಯವಾಗಿ ಗೋಡೆಯೊಳಗಿನ ಶಾಶ್ವತ ಭಾಗದ್ದು ಮಾತ್ರ. ಪರೀಕ್ಷಾ ಯಂತ್ರ ತನ್ನದೇ ತುದಿಗಳನ್ನು ಸಾಕೆಟ್ಟಿಗೆ ಜೋಡಿಸಿ ಅಳೆಯುತ್ತದೆ. ಬಳಕೆದಾರರ ಕಾರ್ಡ್‌ಗಳು ಆಮೇಲೆ ಬರುತ್ತವೆ, ಅವನ್ನು ಯಾರೂ ಅಳೆಯುವುದಿಲ್ಲ. ಎಂಟು ದೀಪ ಸರದಿಯಲ್ಲಿ ಮಿನುಗುವ ಅಗ್ಗದ ಪರೀಕ್ಷಕ ತಂತಿ ತುಂಡಾಗಿಲ್ಲ ಎಂದಷ್ಟೇ ಹೇಳಬಲ್ಲದು, ಆ ತಂತಿ ಯಾವ ಲೋಹದ್ದೆಂದು ಹೇಳಲಾರದು.

ಆದ್ದರಿಂದ ರಾಜ್ಯ ಸರ್ಕಾರದ ಖರೀದಿ ವ್ಯವಸ್ಥೆಯ ಹೊಣೆ ಹೊತ್ತವರಲ್ಲಿ ನನ್ನ ಬೇಡಿಕೆ ಇದು. ಕರ್ನಾಟಕದಲ್ಲಿ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ ಕಾಯ್ದೆ 1999ರಲ್ಲೇ ಬಂದಿದೆ. ಆದರೆ ತಾಂತ್ರಿಕ ವಿವರಣೆ ಒಂದೇ ಸಾಲಿನದ್ದಾದರೆ, ಅತಿ ಕಡಿಮೆ ಬೆಲೆ ಕೂಗಿದವನು ಏನನ್ನು ಕೊಟ್ಟರೂ ಅದು ಆ ಸಾಲಿಗೆ ಹೊಂದುತ್ತದೆ, ನಿಯಮಕ್ಕೆ ಬದ್ಧವಾದ ಖರೀದಿಯೂ ಆಗುತ್ತದೆ. ನೆಟ್‌ವರ್ಕ್ ಕಾರ್ಡ್‌ಗಳ ಟೆಂಡರಿನಲ್ಲಿ ವಾಹಕ ಕಲಾಯಿಯಿಲ್ಲದ ಅಪ್ಪಟ ತಾಮ್ರದ್ದೆಂದೂ ಏಳು ಅಥವಾ ಹೆಚ್ಚು ಎಳೆಗಳದ್ದೆಂದೂ ಬರೆಯಬೇಕು. ಗೇಜ್ ಎಷ್ಟೆಂಬುದನ್ನು ಟೆಂಡರಿನಲ್ಲಿ ಹೇಳಬೇಕು, ಕೇಬಲ್ಲಿನ ಮೈಮೇಲೂ ಅದು ಮುದ್ರಿತವಾಗಿರಬೇಕು. ಮಾನದಂಡ ಎಳೆವಾಹಕಕ್ಕೆ ನೂರು ಮೀಟರಿಗೆ 14 ಓಮ್ ರೋಧದ ಮಿತಿ ಇಟ್ಟಿದೆ, ಅದನ್ನೂ ಸೇರಿಸಬೇಕು. ಆದರೆ ಆ ಸಂಖ್ಯೆಯೊಂದನ್ನೇ ನಂಬಿ ಕೂರಬಾರದು. ತಾಮ್ರದ 26 ಗೇಜಿನ ಏಳೆಳೆ ವಾಹಕದ ರೋಧ ಸುಮಾರು 12.5 ಓಮ್, ಅದೇ ಅಳತೆಯ ಲೇಪಿತ ಅಲ್ಯೂಮಿನಿಯಂ 19 ಓಮಿನ ಹತ್ತಿರ ಬಂದು ಸಿಕ್ಕಿಬೀಳುತ್ತದೆ. 24 ಗೇಜಿನ ಲೇಪಿತ ಅಲ್ಯೂಮಿನಿಯಂ ಮಾತ್ರ 12 ಓಮಿನ ಆಸುಪಾಸಿನಲ್ಲಿದ್ದು ಈ ಮಿತಿಯೊಳಗೇ ನುಸುಳಿಬಿಡುತ್ತದೆ. ಲೋಹದ ಹೆಸರನ್ನು ಬಿಡಿಸಿ ಬರೆಯದೆ ಅದನ್ನು ತಡೆಯಲು ಸಾಧ್ಯವಿಲ್ಲ.

ಪರಿಶೀಲನೆಗೆ ದೊಡ್ಡ ಪ್ರಯೋಗಾಲಯವೂ ಬೇಕಿಲ್ಲ. ಬಂದ ಪ್ರತಿ ಕಂತಿನಲ್ಲಿ ಯಾವುದಾದರೂ ಒಂದು ಕಾರ್ಡನ್ನು ಆರಿಸಿ, ನಡುವೆ ಕತ್ತರಿಸಿ, ಒಂದು ವಾಹಕದ ಹೊದಿಕೆಯನ್ನು ಎರಡು ಅಂಗುಲದಷ್ಟು ಸುಲಿದು, ಎಳೆಗಳನ್ನು ಬಿಡಿಸಿ ಎಣಿಸಬೇಕು. ಮೈಕ್ರೋಮೀಟರಿನಲ್ಲಿ ಒಂದು ಎಳೆಯ ವ್ಯಾಸ ನೋಡಬೇಕು. ಆ ಎಳೆಯನ್ನು ಗಾಜಿನ ಮೇಲಿಟ್ಟು ಬ್ಲೇಡಿನ ಅಂಚಿನಿಂದ ಕೆರೆದು, ಭೂತಗನ್ನಡಿಯಲ್ಲಿ ನೋಡಿದರೆ ತಾಮ್ರವಾದರೆ ಕೆರೆದಷ್ಟೂ ಕೆಂಪಾಗಿಯೇ ಇರುತ್ತದೆ. ಲೇಪವಾದರೆ ನಾಲ್ಕೈದು ಮೈಕ್ರಾನಿನಲ್ಲೇ ಬಿಳಿ ಲೋಹ ಹೊರಬೀಳುತ್ತದೆ. ಇಷ್ಟನ್ನು ಯಾವುದೇ ಪಾಲಿಟೆಕ್ನಿಕ್ಕಿನ ಪ್ರಯೋಗಶಾಲೆಯಲ್ಲಿ ಅರ್ಧ ಗಂಟೆಯೊಳಗೆ ಮಾಡಬಹುದು. ಮಾಲು ಒಪ್ಪಿಕೊಳ್ಳುವ ಪ್ರಮಾಣಪತ್ರಕ್ಕೆ ಸಹಿ ಹಾಕುವ ಮುನ್ನ ಈ ಪರೀಕ್ಷೆಯ ಫಲಿತಾಂಶ ಕಡತದಲ್ಲಿರಬೇಕೆಂಬ ಷರತ್ತನ್ನು ಇಲಾಖೆಗಳು ತಮ್ಮ ಮುಂದಿನ ಟೆಂಡರಿನಲ್ಲೇ ಸೇರಿಸಬೇಕೆಂದು ಕೋರುತ್ತೇನೆ.

ಇತಿ,
ಕೇಬಲ್ ವಿನ್ಯಾಸ ಕ್ಷೇತ್ರದ ನಿವೃತ್ತ ಎಂಜಿನಿಯರ್,
ಬೆಂಗಳೂರು